ಭುಜ ಮುಟ್ಟದೇ ಎಂ.ಆರ್.ಐ. ಬರೆಯೋರಿಗೆ

ಡಾಕ್ಟರ್ ಮಿತ್ರರು ಇದನ್ನ ಓದಿ ಬೈಬಹುದು. ಬೈಲಿ ಬಿಡಿ.

ನಮ್ಮ ಮೂಡಿಗೆರೆ, ಕಳಸದ ಕಡೆ ಕಾಫಿ ತೋಟದಲ್ಲಿ ಮರಗಸಿ ಮಾಡೋರು, ಮೆಣಸು ಕೊಯ್ಯೋರು ಏಣಿ ಜಾರಿದ್ರೆ ಸಿಕ್ಕಿದ ಕೊಂಬೆ ಹಿಡಿದು ನೇತಾಡ್ತಾರೆ. ಇಡೀ ಮೈಭಾರ ಒಂದೇ ತೋಳಿಗೆ. ಭುಜ ತಪ್ಪುತ್ತೆ, ಯಾರೋ ಎಳೆದು ಕೂರಿಸ್ತಾರೆ. ಆದ್ರೆ ಭುಜದ ಗುಳಿಯ ಅಂಚಿಗೆ ರಬ್ಬರ್ ವಾಷರ್ ಥರ ಇರೋ ಲೇಬ್ರಮ್ ಹರಿದಿದ್ರೆ ಕತೆ ಅಲ್ಲಿಗೆ ಮುಗಿಯಲ್ಲ. ಕೈ ಎತ್ತಿದಾಗೆಲ್ಲ ಇನ್ನೇನು ಜಾರುತ್ತೆ ಅನ್ನೋ ಭಯ. ಹೀಗೆ ವರ್ಷಗಟ್ಟಲೆ ಒದ್ದಾಡ್ತಿದ್ದ ನಮ್ಮೂರಿನವರೊಬ್ಬರಿಗೆ ಒಂದು ಆಸ್ಪತ್ರೆಯಲ್ಲಿ ಅಂಗೀನೂ ಬಿಚ್ಚಿಸದೇ ಎಂ.ಆರ್.ಐ. ಚೀಟಿ ಕೊಟ್ಟು ಕಳಿಸಿದ್ರು. ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರೋದು ಅಂದ್ರೆ ಒಂದು ದಿನದ ಕೂಲಿ ಹೋಯ್ತು, ಸ್ಕ್ಯಾನಿನ ಸಾವಿರಾರು ರೂಪಾಯಿ ಬೇರೆ.

ಸ್ಕ್ಯಾನ್ ಹೇಳಿದ್ದೇ ವೇದವಾಕ್ಯವಾ? 2016ರ ಒಂದು ಅಧ್ಯಯನದಲ್ಲಿ 45ರಿಂದ 60 ವಯಸ್ಸಿನ, ಭುಜನೋವೇ ಇಲ್ಲದವರಿಗೆ ಎಂ.ಆರ್.ಐ. ಮಾಡಿದ್ರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಲೇಬ್ರಮ್‌ನ ಮೇಲ್ಭಾಗ ಹರಿದ ಹಾಗೆ ಕಾಣಿಸ್ತು!

ಹಾಗಂತ ಕೈಯಲ್ಲಿ ಮಾಡೋ ಒಂದೇ ಟೆಸ್ಟನ್ನ ನಂಬಿ ಅಂತಲೂ ಅಲ್ಲ. ಓಬ್ರಿಯನ್ ಮತ್ತು ಜೊತೆಯವರು 1998ರಲ್ಲಿ ತಮ್ಮ ಟೆಸ್ಟು ಹೆಚ್ಚುಕಮ್ಮಿ ನೂರಕ್ಕೆ ನೂರು ಸರಿ ಅಂತ ಬರೆದ್ರು. ಬೇರೆಯವರು ಮಾಡಿ ನೋಡಿದಾಗ ಆ ಅಂಕ ಬರಲೇ ಇಲ್ಲ. (ನಮ್ಮ ಆಫೀಸಲ್ಲೂ 'ನನ್ನ ಮಷೀನಲ್ಲಿ ಓಡ್ತಿದೆ' ಅನ್ನೋರು ಇದಾರಲ್ಲ, ಹಾಗೆ.)

ಟೆಸ್ಟುಗಳನ್ನ ಜೋಡಿಸಬೇಕು. ಮಲಗಿಸಿ, ತೋಳನ್ನ ಪಕ್ಕಕ್ಕೆ 90 ಡಿಗ್ರಿ ಎತ್ತಿ ಹೊರಕ್ಕೆ ತಿರುಗಿಸಿದಾಗ 'ಅಯ್ಯೋ, ಜಾರ್ತದೆ' ಅಂತ ಹೆದರಿದ್ರೆ ಅದು ಅಪ್ರಿಹೆನ್ಷನ್ ಟೆಸ್ಟ್. ಅದೇ ಭಂಗಿಯಲ್ಲಿ ತೋಳಿನ ಮೂಳೆಯ ತಲೆಯನ್ನ ಮುಂದಿನಿಂದ ಹಿಂದಕ್ಕೆ ಒತ್ತಿದಾಗ ಆ ಹೆದರಿಕೆ ಹೋದ್ರೆ ರಿಲೊಕೇಶನ್. ಬರೀ ನೋವನ್ನ ಲೆಕ್ಕಕ್ಕೆ ತಗೋಬೇಡಿ, ಹೆದರಿಕೆ ನೋಡಿ. ಎರಡೂ ಹೌದಾದ್ರೆ ಭುಜ ಮುಂದಕ್ಕೆ ಜಾರ್ತಿದೆ ಅಂತ ಧೈರ್ಯವಾಗಿ ಹೇಳಬಹುದು. ಆದ್ರೆ 'ಎರಡೂ ಹೌದಾಗಲೇಬೇಕು' ಅಂದ್ರೆ ಕೆಲವು ನಿಜವಾದ ಕೇಸು ತಪ್ಪಿಸಿಕೊಳ್ತವೆ. 'ಯಾವುದಾದ್ರೂ ಒಂದು ಸಾಕು' ಅಂದ್ರೆ ಏನೂ ಆಗದವರೂ ಸಿಕ್ಕಿಬೀಳ್ತಾರೆ. ನಾವು ದಿನಾ ಕುಟ್ಟೋ ಆಂಡ್, ಆರ್ ಅಷ್ಟೇ ಮಾರಾಯ್ರೆ! ಹತ್ತು ಟೆಸ್ಟ್ ಗುಡ್ಡೆ ಹಾಕಿದ್ರೂ, ಎಲ್ಲವೂ ಒಂದೇ ಜಾಗ ಕೆಣಕಿದ್ರೆ ಹೊಸ ಸುದ್ದಿ ಎಲ್ಲಿಂದ ಬರಬೇಕು? ಭುಜದ ಟೆಸ್ಟುಗಳನ್ನೆಲ್ಲ ಜಾಲಾಡಿದ 2012ರ ದೊಡ್ಡ ವಿಶ್ಲೇಷಣೆಯೂ ಜೋಡಿಸಿದ್ರೆ ಲಾಭ ಇದೆ, ಆದ್ರೆ ಸ್ವಲ್ಪವೇ ಅಂತ ಹೇಳಿತ್ತು.

ಆ ಸ್ವಲ್ಪಕ್ಕೆ ಕಾಸು ಖರ್ಚಿಲ್ಲ. ಹೊಸದಾಗಿ ತಪ್ಪಿದ ಭುಜಕ್ಕೆ ಎಕ್ಸ್-ರೇನೇ ಮೊದಲು, ಅದು ಬೇರೆ ಮಾತು. ಹಳೇ ಕೇಸಲ್ಲಿ ಬಿದ್ದಿದ್ದು ಹೇಗೆ, ಎಷ್ಟು ಸಲ ತಪ್ಪಿದೆ ಅಂತ ಕೇಳಿ ಈ ಎರಡು ಟೆಸ್ಟ್ ಮಾಡೋಕೆ ಐದು ನಿಮಿಷ ಸಾಲದಾ? ಆಪರೇಷನ್ ಯೋಚನೆ ಬಂದಾಗ ಎಂ.ಆರ್.ಐ. ಬರೀರಿ, ಯಾರು ಬೇಡ ಅಂದ್ರು?