ಬಂಡಾಯದ ಪಾಠಕ್ಕೆ ಸಿನಿಮಾ ಸಾಕೇ?

ಕಿತ್ತೂರಿನ ಪಾಠ ಬಂದಾಗ ಶಿರಹಟ್ಟಿಯ ಮಾಸ್ತರು ಪುಸ್ತಕ ತೆರೆಯಬೇಕೋ, ಸಿನಿಮಾ ಹಚ್ಚಬೇಕೋ?

ಸಿನಿಮಾ ಬೇಕೆನ್ನುವವರ ಮಾತು ಹುಸಿಯಲ್ಲ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಬಂದದ್ದು 1961ರಲ್ಲಿ. ಅದರಲ್ಲಿ ರಾಣಿ ಚೆನ್ನಮ್ಮನಾಗಿ ಬಿ. ಸರೋಜಾದೇವಿ ಕಪ್ಪ ಕೊಡೆನೆಂದು ಗುಡುಗಿದ ಮಾತು ಇವತ್ತಿಗೂ ಶಾಲೆಯ ಗ್ಯಾದರಿಂಗ್‌ನಲ್ಲಿ ಕೇಳುತ್ತದೆ. ಇಳಕಲ್ ಸೀರೆಗೆ ಕಚ್ಚೆ ಹಾಕಿ, ರಟ್ಟಿನ ಕತ್ತಿ ಹಿಡಿದ ಹುಡುಗಿ ಒಂದಕ್ಷರ ತಪ್ಪದೆ ಒಪ್ಪಿಸುತ್ತಾಳೆ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ನೋಡಿದ ಹುಡುಗ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವನ್ನು ನಕ್ಷೆಯಲ್ಲಿ ಹುಡುಕಿದರೆ ಅದೂ ಸಣ್ಣ ಲಾಭವಲ್ಲ. ಇಸವಿ ಮರೆತರೂ ಮುಖ ಮರೆಯುವುದಿಲ್ಲ.

ಆ ಮುಖದ ಹಿಂದೆ ಕಾರಣವೇ ಮರೆಯಾಗುತ್ತದೆ ಎಂಬುದು ಇನ್ನೊಂದು ಕಡೆಯವರ ತಕರಾರು. 1824ರಲ್ಲಿ ಕಿತ್ತೂರು ಸಿಡಿದದ್ದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ದತ್ತಕವನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದಾಗ. ಆದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಕಪ್ಪವೊಂದೇ. ಮುಂದೆ ಕಿತ್ತೂರಿನ ಪರ ಬಂಡೆದ್ದ ರಾಯಣ್ಣನ ಕಡೆಯವರು ಸಂಪಗಾಂವಿಯ ಕಚೇರಿಗೆ ಬೆಂಕಿ ಇಟ್ಟರು. ಕಚೇರಿಗೇ ಏಕೆ? ಯಾವ ಹೊಲ ಯಾರದು, ಕಂದಾಯವೆಷ್ಟು ಎಂಬ ಲೆಕ್ಕವೆಲ್ಲ ಇದ್ದದ್ದು ಕಚೇರಿಯ ದಫ್ತರದಲ್ಲಿ. ಇದನ್ನು ಕೇಳದೆ ಹೋದರೆ ಕ್ರಾಂತಿಯೆಂದರೆ ಬರೀ ಕತ್ತಿವರಸೆ. ದ್ರೋಹವನ್ನೆಲ್ಲ ಒಬ್ಬಿಬ್ಬರು ಖಳರ ತಲೆಗೆ ಕಟ್ಟಿದರೆ, ನಮ್ಮವರೇ ಕಂಪನಿಯ ಕಡೆ ವಾಲಿದ್ದೇಕೆ ಎಂಬುದೂ ತಿಳಿಯುವುದಿಲ್ಲ.

ಹಾಗೆಂದು ಪುಸ್ತಕವೇನು ಪೂರ್ತಿ ನ್ಯಾಯ ಮಾಡೀತೇ? ಪಕ್ಕದ ಮುಂಡರಗಿಯ ಭೀಮರಾಯರು, ನರಗುಂದದ ಬಾಬಾಸಾಹೇಬರು ಎದ್ದದ್ದು 1858ರಲ್ಲಿ. ಆಯುಧ ಒಪ್ಪಿಸಿರೆಂಬ ಕಾನೂನು, ಇನಾಂ ಜಮೀನುಗಳ ತನಿಖೆ, ಬಾಬಾಸಾಹೇಬರಿಗೆ ಸಿಗದ ದತ್ತಕದ ಅನುಮತಿ ಎಲ್ಲವೂ ಸೇರಿ ಈ ಸೀಮೆ ಕಾದಿತ್ತು. ಡಂಬಳದ ಖಜಾನೆ ಲೂಟಿಯಾಯಿತು, ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದರು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಮುಗಿಸಿ ಪರೀಕ್ಷೆಗೆ ಬಾಯಿಪಾಠ ಮಾಡಿಸಿದರೆ, ಕಾರಣವೂ ಉಳಿಯದು, ಮುಖವೂ ಉಳಿಯದು.

ಹೀಗಾಗಿ ಪ್ರಶ್ನೆ ಇರುವುದು ಸಿನಿಮಾ ಯಾವಾಗ, ಎಷ್ಟು ಎಂಬುದರಲ್ಲಿ. ಮೂರು ತಾಸು ತೋರಿಸಿ ಪಾಠ ಮುಗಿಯಿತೆಂದರೆ ಅದು ಮೈಗಳ್ಳತನ. ಕಾರಣಗಳನ್ನು ಮೊದಲು ಹೇಳಿ, ಆಮೇಲೆ ಒಂದೆರಡು ದೃಶ್ಯ ತೋರಿಸಿ, ಇದರಲ್ಲಿ ಏನು ಬಿಟ್ಟಿದ್ದಾರೆ ಎಂದು ಕೇಳಿದರೆ ಅದೇ ಸಿನಿಮಾ ಪಾಠವಾಗುತ್ತದೆ. ಕೊನೆಗೆ ಡಂಬಳದ ಲೂಟಿಯ ದೃಶ್ಯವನ್ನು ಮಕ್ಕಳಿಂದಲೇ ಬರೆಸಬೇಕು. ಲೂಟಿ ಹೇಗಾಯಿತೆಂದು ಎಲ್ಲರೂ ಬರೆದಾರು. ಏಕಾಯಿತೆಂದು ಬರೆಯಬಲ್ಲ ಮಗುವಿಗೆ ಯಾವ ಸಿನಿಮಾ ತೋರಿಸಿದರೂ ನಷ್ಟವಿಲ್ಲ.