ಮನೆಯಲ್ಲಿದ್ದವಳ ಕಾಲಿಗೆ ಬೆಲೆಯೆಷ್ಟು?

ಸುದ್ದಗುಂಟೆಪಾಳ್ಯದ ನಮ್ಮ ಬೀದಿಯ ನೆರೆಯಾಕೆಯ ಕಾಲಿನ ಮೇಲೆ ಮರಳು ಲಾರಿ ಹರಿದ ವಾರದಲ್ಲೇ, ಲಾರಿ ಕಡೆಯವನೊಬ್ಬ ರಾಜಿ ಪತ್ರ ಹಿಡಿದು ಆಸ್ಪತ್ರೆಗೆ ಬಂದ. "ಅವರಿಗೇನು ಸಂಬಳ ನಿಲ್ಲುತ್ತದೆಯೇ ಸಾರ್, ಇಷ್ಟು ತೆಗೆದುಕೊಂಡು ರುಜು ಹಾಕಿಬಿಡಿ" ಎಂದ. ಗಂಡ ಪೆನ್ನು ತೆಗೆದೇಬಿಟ್ಟಿದ್ದರು. ನಾನು ಅಡ್ಡ ಹೋದೆ.

ನಸುಕಿನಲ್ಲಿ ನೀರು ಹಿಡಿಯುವುದು, ಮೂರು ಡಬ್ಬಿ ಕಟ್ಟುವುದು, ಅತ್ತೆಯ ಔಷಧಿ, ಮಗುವಿನ ಪಾಠ, ಇದಾವುದೂ ದುಡಿಮೆಯಲ್ಲವೇ? ಹಾಗಿದ್ದರೆ ಆಕೆ ಮಲಗಿದ ಮರುದಿನವೇ ಸಂಬಳ ಕೊಟ್ಟು ಅಡುಗೆಯವಳನ್ನು ಹುಡುಕಿದ್ದೇಕೆ?

2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಸಾಲಿಗೆ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಖಂಡಿಸಿತು. ಪರಿಹಾರದ ಲೆಕ್ಕದಲ್ಲಿ ಗೃಹಿಣಿಗೂ ಆದಾಯ ಕಟ್ಟಬೇಕೆಂದು 2021ರ ಜನವರಿಯಲ್ಲಿ ಮತ್ತೆ ಒತ್ತಿ ಹೇಳಿತು. ಅವು ಅಪಘಾತದಲ್ಲಿ ಸತ್ತ ಹೆಂಗಸರ ಮೊಕದ್ದಮೆಗಳು. ಸತ್ತವಳಿಗೆ ಸಂದ ಬೆಲೆ, ಬದುಕಿ ಹಾಸಿಗೆ ಹಿಡಿದವಳಿಗೆ ಸಲ್ಲಬೇಡವೇ?

"ವಕೀಲರಿಗೆ ದುಡ್ಡೆಲ್ಲಿ?" ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ವಕೀಲರ ನೆರವು ಉಚಿತ. ರಾಜ್ಯ ಪ್ರಾಧಿಕಾರದ ಕಚೇರಿ ನಮ್ಮ ಬೆಂಗಳೂರಿನ ನ್ಯಾಯದೇಗುಲದಲ್ಲೇ ಇದೆ. ಲಾರಿಯ ಊರಿಗೆ ಅಲೆಯಬೇಕಿಲ್ಲ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಗೇ ಅರ್ಜಿ ಹಾಕಬಹುದು. ಎಫ್.ಐ.ಆರ್. ಪ್ರತಿ, ಗಾಯದ ಸರ್ಟಿಫಿಕೇಟು, ಔಷಧಿಯ ಒಂದೊಂದು ಬಿಲ್ಲನ್ನೂ ಎತ್ತಿಡಿ. ತಡಮಾಡಬೇಡಿ.

ಮತ್ತೆ, ಅರ್ಜಿಯಲ್ಲಿ ಉದ್ಯೋಗದ ಮುಂದೆ 'ಏನೂ ಇಲ್ಲ' ಎಂದು ಬರೆಯಲು ಯಾರನ್ನೂ ಬಿಡಬೇಡಿ, ನಿಮ್ಮ ಮನೆಯವರನ್ನು ಕೂಡ.