ನರ ಕರೆಂಟಿನ ತಂತಿಯಲ್ಲ: ತೊಗರಿ ಸೀಮೆಯ ತರಗತಿಗೆ ಒಂದು ಸಲಹೆ

ಹತ್ತನೇ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠ ಯೋಜನೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ನರಕೋಶದ ಚಿತ್ರ, ಭಾಗಗಳ ಹೆಸರು, ಆಮೇಲೆ “ನರ ಎಂದರೆ ಕರೆಂಟಿನ ತಂತಿ ಇದ್ದಂತೆ” ಎಂಬ ಒಂದು ವಾಕ್ಯ, ಅಲ್ಲಿಂದ ನೇರವಾಗಿ ಪರಾವರ್ತಿತ ಪ್ರತಿಕ್ರಿಯೆ. ಈ ತಂತಿಯ ಹೋಲಿಕೆಯನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಸಂದೇಶ ಸಾಗುವುದು ಜೀವಕೋಶದ ಪೊರೆಯಲ್ಲಿರುವ ಬಾಗಿಲುಗಳಿಂದ ಎಂದು ಹೇಳಿಕೊಡಬೇಕು. ಕಲಬುರಗಿ ಜಿಲ್ಲೆಯಲ್ಲಿ ಅದಕ್ಕೆ ಬೇಕಾದ ಉದಾಹರಣೆ ತೊಗರಿ ಹೊಲದಲ್ಲೇ ಇದೆ.

ಮೊದಲು ತಂತಿಯ ಹೋಲಿಕೆ ಏಕೆ ಸರಿಯಲ್ಲ ಎಂದು ನೋಡೋಣ. ತಂತಿಯಲ್ಲಿ ಎಲೆಕ್ಟ್ರಾನುಗಳು ಉದ್ದಕ್ಕೆ ಚಲಿಸುತ್ತವೆ. ನರದಲ್ಲಿ ಅಯಾನುಗಳು ಪೊರೆಯನ್ನು ದಾಟಿ ಒಳಗೆ ಹೊರಗೆ ಹೋಗುತ್ತವೆ. ನರಕೋಶದ ಹೊರಗೆ ಸೋಡಿಯಂ ಸುಮಾರು ಹತ್ತು ಪಟ್ಟು ಹೆಚ್ಚು. ಒಳಗೆ ಪೊಟ್ಯಾಸಿಯಂ ಸುಮಾರು ಮೂವತ್ತು ಪಟ್ಟು ಹೆಚ್ಚು. ವಿಶ್ರಾಂತಿಯಲ್ಲಿ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್ ಋಣ. ಪ್ರಚೋದನೆ ಬಂದಾಗ ಸೋಡಿಯಂ ಬಾಗಿಲು ಸುಮಾರು ಒಂದು ಮಿಲಿಸೆಕೆಂಡ್ ತೆರೆದು ಮುಚ್ಚುತ್ತದೆ, ಪೊಟ್ಯಾಸಿಯಂ ಬಾಗಿಲು ತೆರೆದು ಹಳೆಯ ಸ್ಥಿತಿ ಮರಳುತ್ತದೆ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದಿರುತ್ತದೆ. ಹೀಗೆ ಬಾಗಿಲಿನಿಂದ ಬಾಗಿಲಿಗೆ ಸಂದೇಶ ಸಾಗುತ್ತದೆ. ಈ ಬಾಗಿಲುಗಳಿಗೇ ಅಯಾನು ಚಾನೆಲ್ ಎಂದು ಹೆಸರು. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಅಯಾನುಗಳ ಈ ಓಡಾಟವನ್ನು ಅಳೆದು ವಿವರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಂತು.

ಒಂದು ನರಕೋಶದ ಕೊನೆಯಲ್ಲಿ ಸಣ್ಣ ಅಂತರವಿದೆ. ಅಲ್ಲಿ ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕ ಬಿಡುಗಡೆಯಾಗಿ ಮುಂದಿನ ಕೋಶದ ಬಾಗಿಲು ತೆರೆಸುತ್ತದೆ. ಕೆಲಸ ಮುಗಿದ ಕೂಡಲೇ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದು ಜಾಗ ಖಾಲಿ ಮಾಡುತ್ತದೆ. ಮಾತು ಆಡುವುದು ಎಷ್ಟು ಮುಖ್ಯವೋ ನಿಲ್ಲಿಸುವುದೂ ಅಷ್ಟೇ ಮುಖ್ಯ.

ಇನ್ನು ಹೊಲದ ಮಾತು. ತಾಜಸುಲ್ತಾನಪುರದ ಕಡೆ ಅಭ್ಯಾಸ ಬೋಧನೆಯಲ್ಲಿದ್ದಾಗ ಒಬ್ಬ ಹುಡುಗ, “ಸರ್, ಎಣ್ಣಿ ಹೊಡದ್ರ ಹುಳ ಒದ್ದಾಡಿ ಯಾಕ ಸಾಯ್ತದ್ರಿ?” ಎಂದು ಕೇಳಿದ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಹುಳಕ್ಕೆ ಹೊಡೆಯುವ ಡಬ್ಬಿಗಳ ಹೆಸರು ಓದಿದರೆ, ಈ ಪಾಠವೇ ಅಲ್ಲಿ ಸಾಲಾಗಿ ನಿಂತಿದೆ. ಸೈಪರ್‌ಮೆಥ್ರಿನ್ ಜಾತಿಯವು ಸೋಡಿಯಂ ಬಾಗಿಲು ಬೇಗ ಮುಚ್ಚದಂತೆ ತಡೆಯುತ್ತವೆ. ಇಂಡಾಕ್ಸಾಕಾರ್ಬ್ ಅದೇ ಬಾಗಿಲನ್ನು ಬಂದ್ ಮಾಡುತ್ತದೆ. ಎಮಾಮೆಕ್ಟಿನ್ ಬೆಂಜೋಯೇಟ್ ಕ್ಲೋರೈಡ್ ಬಾಗಿಲು ತೆರೆದೇ ಇಟ್ಟು ಹುಳವನ್ನು ನಿಶ್ಚಲಗೊಳಿಸುತ್ತದೆ. ಕ್ಲೋರಾಂಟ್ರನಿಲಿಪ್ರೋಲ್ ಹುಳದ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಪ್ರೊಫೆನೊಫಾಸ್‌ನಂಥ ರಂಜಕಯುಕ್ತ ಕೀಟನಾಶಕಗಳು ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಕೈ ಕಟ್ಟುತ್ತವೆ. ಸಂದೇಶ ನಿಲ್ಲುವುದೇ ಇಲ್ಲ.

ಈ ಕೊನೆಯದರಲ್ಲೇ ನಮ್ಮ ಮಕ್ಕಳ ಮನೆಯ ವಿಷಯವಿದೆ. ಎಮಾಮೆಕ್ಟಿನ್ ಮುಖ್ಯವಾಗಿ ತಟ್ಟುವ ಬಾಗಿಲು ಹುಳದಲ್ಲಿದೆ, ಮನುಷ್ಯರಲ್ಲಿಲ್ಲ. ಹಾಗೆಂದು ಅದೂ ನಿರಪಾಯವಲ್ಲ. ಆದರೆ ಪ್ರೊಫೆನೊಫಾಸ್ ಹಿಡಿಯುವ ಕಿಣ್ವ ಹುಳಕ್ಕೂ ನಮಗೂ ಇದೆ. ಅದು ಉಸಿರಿನಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಪಂಪು ಹೊತ್ತವರಿಗೆ ಅತಿಯಾಗಿ ಬೆವರು, ಜೊಲ್ಲು, ಕಣ್ಣೀರು ಬಂದರೆ, ಕಣ್ಣಿನ ಪಾಪೆ ಕಿರಿದಾದರೆ, ಸ್ನಾಯು ಅದುರಿದರೆ ಅದು ಬಿಸಿಲಿನ ಸುಸ್ತೆಂದು ಮಲಗಿಸುವ ಸ್ಥಿತಿಯಲ್ಲ. ನಿಲ್ಲದ ಅಸಿಟೈಲ್‌ಕೋಲಿನ್ ಸಂದೇಶದ ಲಕ್ಷಣ. ಬಟ್ಟೆ ಬಿಚ್ಚಿಸಿ, ಮೈ ಸಾಬೂನು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ, ಡಬ್ಬಿಯ ಹೆಸರು ವೈದ್ಯರಿಗೆ ಹೇಳಬೇಕು. ಅಲ್ಲಿ ಕೊಡುವ ಅಟ್ರೋಪಿನ್ ಆ ಸಂದೇಶ ಹಿಡಿಯುವ ಗ್ರಾಹಕಗಳನ್ನು ಮುಚ್ಚುತ್ತದೆ. ಕಾರಣ ತಿಳಿದ ಮಗು ಈ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಿಲ್ಲ, ತಾನೇ ಊಹಿಸಬಲ್ಲದು.

ಬೋಧನೋಪಕರಣಕ್ಕೆ ಖರ್ಚಿಲ್ಲ. ಹನ್ನೆರಡು ಮಕ್ಕಳನ್ನು ಸಾಲಾಗಿ ಕೂರಿಸಿ. ಪಕ್ಕದವರು ಎದ್ದರೆ ತಾನು ಎದ್ದು ಕೂಡಲೇ ಕೂರಬೇಕು. ಇದು ನರ ಆವೇಗ. ಕೊನೆಯ ಮಗು ಒಂದು ಹಿಡಿ ತೊಗರಿ ಕಾಳನ್ನು ಎದುರಿನವರ ತಟ್ಟೆಗೆ ಹಾಕಲಿ. ತಟ್ಟೆಯಲ್ಲಿ ಕಾಳು ಇರುವಷ್ಟು ಹೊತ್ತು ಅವರು ಕೈ ಆಡಿಸುತ್ತಿರಬೇಕು. ಕಾಳು ಆರಿಸಿ ತೆಗೆಯುವ ಮಗುವೇ ಕಿಣ್ವ. ಈಗ ನಡುವೆ ಒಬ್ಬರಿಗೆ “ಕೂರಬೇಡ” ಎನ್ನಿ, ಇನ್ನೊಬ್ಬರಿಗೆ “ಏಳಬೇಡ” ಎನ್ನಿ, ಕಾಳು ಆರಿಸುವವರ ಕೈ ಹಿಡಿಯಿರಿ. ಮೂರು ಡಬ್ಬಿಗಳ ಕೆಲಸ ಮಕ್ಕಳಿಗೆ ಕಣ್ಣೆದುರೇ ಕಾಣುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಅಯಾನು ಚಾನೆಲ್ ಪಿಯುಸಿಯ ವಿಷಯ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಡ, ನಲವತ್ತು ನಿಮಿಷದಲ್ಲಿ ಎಲ್ಲಿ ಸಮಯ ಎನ್ನುತ್ತಾರೆ. ಆದರೆ ಪೊರೆ, ವಿಸರಣೆ, ಅಯಾನು ಎಲ್ಲವನ್ನೂ ಮಕ್ಕಳು ಒಂಬತ್ತನೇ ತರಗತಿಯಲ್ಲೇ ಕಲಿತಿದ್ದಾರೆ. ನಾವು ಹೊಸದೇನೂ ತುಂಬುವುದಿಲ್ಲ, ಇದ್ದ ಪೂರ್ವಜ್ಞಾನವನ್ನು ಜೋಡಿಸುತ್ತೇವೆ. ಸಮೀಕರಣ, ಚಾನೆಲ್ ರಚನೆ ಪಿಯುಸಿಗೇ ಇರಲಿ. ಚಟುವಟಿಕೆಗೆ ಹತ್ತು ನಿಮಿಷ ಸಾಕು.

ಎರಡನೇ ಆಕ್ಷೇಪ ಹೆಚ್ಚು ಗಂಭೀರ: ತರಗತಿಯಲ್ಲಿ ವಿಷದ ಮಾತೇಕೆ? ಆ ಎಚ್ಚರ ಅಗತ್ಯ. ಡಬ್ಬಿಯನ್ನಾಗಲಿ, ಖಾಲಿ ಬಾಟಲಿಯನ್ನಾಗಲಿ ಶಾಲೆಗೆ ತರಿಸಬಾರದು. ಎಷ್ಟು ಪ್ರಮಾಣ ಅಪಾಯ ಎಂಬ ಚರ್ಚೆ ಬೇಡವೇ ಬೇಡ. ಲೇಬಲ್ಲಿನ ತ್ರಿಕೋನದ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳನ್ನು ಹಲಗೆಯ ಮೇಲೆ ಬರೆದು, ಕೆಂಪು ಅತ್ಯಂತ ವಿಷಕಾರಿ ಎಂದು ತಿಳಿಸಿ, ಕೈಗವಸು, ಪೂರ್ತಿ ತೋಳಿನ ಅಂಗಿ, ಗಾಳಿಯ ದಿಕ್ಕಿನ ಮಾತಾಡಿದರೆ ಸಾಕು. ಮಕ್ಕಳಿಗೆ ವಿಷದ ಪರಿಚಯ ನಾವು ಮಾಡಿಸಬೇಕಿಲ್ಲ; ಅದು ಅವರ ಮನೆಯ ಮೂಲೆಯಲ್ಲೇ ಇದೆ. ಇಲ್ಲದಿರುವುದು ಅದರ ತಿಳಿವಳಿಕೆ.

ಮುಂದಿನ ತಂಡದವರು ಈ ಘಟಕಕ್ಕೆ ಪಾಠ ಯೋಜನೆ ಬರೆಯುವಾಗ ಮೌಲ್ಯಮಾಪನದ ಅಂಕಣದಲ್ಲಿ “ನರಕೋಶದ ಚಿತ್ರ ಬರೆಯಿರಿ” ಎಂಬುದರ ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಲಿ: “ಬಾಗಿಲು ಮುಚ್ಚದಿದ್ದರೆ ಏನಾಗುತ್ತದೆ?” ಇದಕ್ಕೆ ಉತ್ತರಿಸಬಲ್ಲ ಮಗುವಿಗೆ ಪಾಠ ತಲುಪಿದೆ ಎಂದರ್ಥ.